ಇಪ್ಪತ್ಮೂರನೇ ನಿವಾಸಿಯ ರಾತ್ರಿಪಾಳಿ

ಪ್ಲೋವ್ದಿವ್ ಊರಿನ ಹದಿನೇಳನೇ ವಸತಿ ಕಟ್ಟಡದ ‘ಬಿ’ ಬಾಗಿಲಿನ ನಿವಾಸಿಗಳ ಪುಸ್ತಕದಲ್ಲಿ, ಮಾರ್ಚ್ ಹನ್ನೊಂದರಂದು, ಚುಷ್ಕಾ ಎಂಬ ಎಂಟು ವಾರದ ಹೆಣ್ಣು ನಾಯಿಮರಿಯನ್ನು ಇಪ್ಪತ್ಮೂರನೇ ನಿವಾಸಿಯಾಗಿ ವಿಧಿವತ್ತಾಗಿ ನಮೂದಿಸಲಾಯಿತು. ಪ್ರಾಣಿಗಳಿಗೆಂದೇ ಇದ್ದ ಪುಟವನ್ನು ಮೂರನೇ ಮಹಡಿಯ ಗಿಳಿಯೊಂದರ ವಿವರಗಳೇ ಪೂರಾ ತಿಂದುಹಾಕಿದ್ದರಿಂದ ಬೇರೆ ದಾರಿ ಇರಲಿಲ್ಲ. ವೃತ್ತಿ ಎಂಬಲ್ಲಿ ‘ಸದ್ಯಕ್ಕಿಲ್ಲ’ ಎಂದು ಬರೆದು, ಕಟ್ಟಡದ ಮೇಲ್ವಿಚಾರಕಿ ಗಿಂಕಾ ಅವರು ಮೊಹರು ಒತ್ತಿದರು.

ಮರಿಯನ್ನು ತಂದವನು ಎರಡನೇ ಮಹಡಿಯ ಮಿಂಚೋ. ಮಾರುಕಟ್ಟೆಯಲ್ಲಿ ಮೂವತ್ತೊಂದು ವರ್ಷ ಪರದೆ ಬಟ್ಟೆ ಮಾರಿದವನು; ನಾಯಿಯ ಮೇಲಿನ ಮೋಹದಿಂದ ತಂದದ್ದಲ್ಲ. ಮದುವೆಯಾದಾಗಿನಿಂದ ಹೆಂಡತಿ ದೆಲ್ಕಾ ಬಾಯಿಬಿಟ್ಟು ಕೇಳಿದ್ದು ಎರಡೇ: ಬಾಲ್ಕನಿಗೆ ಗಾಜು, ಈಗ ಒಂದು ನಾಯಿಮರಿ. ಗಾಜು ಇನ್ನೂ ಆಗಿಲ್ಲ. ಆದ್ದರಿಂದ ಮರಿ ಮನೆ ಬಿಟ್ಟು ಹೋಗುವ ಹಾಗಿರಲಿಲ್ಲ.

ಮೊದಲ ರಾತ್ರಿ ಎರಡು ಗಂಟೆಗೆ ಚುಷ್ಕಾ ಅಳಲು ಶುರುಮಾಡಿ ಬೆಳಗಿನ ತನಕ ಕರ್ತವ್ಯದಂತೆ ಅತ್ತಳು. ಎಂಟು ಗಂಟೆಗೆ ಬಾಗಿಲ ಬಳಿಯ ಫಲಕದ ಮೇಲೆ ಪ್ರಕಟಣೆ ಬಂತು:

“ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೌನ ಕಡ್ಡಾಯವಾಗಿರುತ್ತದೆ. ಇಪ್ಪತ್ಮೂರನೇ ನಿವಾಸಿಯು ಸತತ ನಾಲ್ಕು ಗಂಟೆ ಊಳಿಟ್ಟಿರುತ್ತಾರೆ. ವಿವರಣೆ ಕೇಳಲಾಗಿ, ನೋಟಿಸನ್ನು ನೆಕ್ಕಿರುತ್ತಾರೆ. ಇದು ಮೊದಲನೆಯದು. ಮೂರನೆಯದಾದರೆ ಹೊರಹಾಕಲಾಗುವುದು.”

ಎರಡನೆಯದಕ್ಕೆ ಹೆಚ್ಚು ಕಾಯಬೇಕಾಗಲಿಲ್ಲ. ಮರುದಿನ ಲಿಫ್ಟಿನ ಮುಂದೆ ಉಚ್ಚೆಯ ಸಣ್ಣದೊಂದು ಹೊಂಡ ಕಾಣಿಸಿತು.

“ಗಿಂಕಕ್ಕ, ಅದು ಮರಿ. ತಾಯಿ ಬಿಟ್ಟು ಬಂದು ಎರಡು ದಿನ ಆಗಿದೆ ಅಷ್ಟೆ,” ಎಂದ ಮಿಂಚೋ.

“ನಾನೂ ತಾಯಿ ಬಿಟ್ಟು ಬಂದೋಳೇ ಮಿಂಚಣ್ಣ. ಲಿಫ್ಟ್ ಮುಂದೆ ಮಾಡಿದೀನಾ?”

ಅಂಥ ದಾಖಲೆ ಇಲ್ಲವೆಂದು ಮಿಂಚೋ ಒಪ್ಪಿಕೊಳ್ಳಬೇಕಾಯಿತು.

ಆದರೆ ಗಿರಾಕಿ ಅಳತೆ ಕಮ್ಮಿ ಎಂದು ಜಗಳ ತೆಗೆದರೆ ಅಳತೆಪಟ್ಟಿಯನ್ನು ಅವನ ಕೈಗೇ ಕೊಟ್ಟು ಸುಮ್ಮನಿರಬೇಕೆಂದು ಅಂಗಡಿ ಮಿಂಚೋಗೆ ಕಲಿಸಿತ್ತು. ಅಂದು ಸಂಜೆ ಮೆಟ್ಟಿಲ ಮೇಲೆ ಸೇರಿದ ಮಹಾಸಭೆಯಲ್ಲಿ ಅವನು ‘ಶಾಂತಿಪಾಲನಾ ಪಾಳಿ’ ಎಂಬ ನಿರ್ಣಯ ಮಂಡಿಸಿದ. ಹನ್ನೆರಡು ಮನೆಗಳು ಸರದಿಯಂತೆ ಒಂದೊಂದು ರಾತ್ರಿ ಮರಿಯನ್ನು ನೋಡಿಕೊಳ್ಳತಕ್ಕದ್ದು. ಬುಟ್ಟಿಯನ್ನು ಹಾಸಿಗೆಯ ಪಕ್ಕದಲ್ಲೇ ಇಡತಕ್ಕದ್ದು. ಅತ್ತರೆ ಬುಟ್ಟಿಯೊಳಗೆ ಬೆರಳು ಬಿಡತಕ್ಕದ್ದು, ಮಾತು ಬೇಡ. ಒಂದು ಗಂಟೆಗೂ ನಾಲ್ಕು ಗಂಟೆಗೂ ಅಂಗಳದ ಲಿಂಡೆನ್ ಮರದ ಬುಡಕ್ಕೇ ಒಯ್ಯತಕ್ಕದ್ದು, ದಿನಕ್ಕೊಂದು ಜಾಗ ಕೂಡದು. ಕೆಲಸ ಮುಗಿದ ಕೂಡಲೇ ಮೆಲುದನಿಯಲ್ಲಿ ಹೊಗಳತಕ್ಕದ್ದು. ಆ ರಾತ್ರಿಯ ಸದ್ದಿಗೆ ಪಾಳಿಯವರೇ ಹೊಣೆ. ನೋಟಿಸೂ ಅವರ ಹೆಸರಿಗೇ. ಟೀವಿಯಲ್ಲಿ ಫುಟ್‌ಬಾಲ್ ಆಟ ಶುರುವಾಗುವುದರಲ್ಲಿದ್ದುದರಿಂದ ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಮೊದಲ ಪಾಳಿ ಗಿಂಕಾ ಅವರದ್ದೇ ಬಂತು. ಚುಷ್ಕಾ ಎಂದಿನಂತೆ ಅತ್ತಳು.

“ರಾತ್ರಿ ಏನೋ ಸದ್ದು ಕೇಳಿಸ್ದಂಗಾಯ್ತಲ್ಲ ಗಿಂಕಕ್ಕ?” ಎಂದು ಬೆಳಗ್ಗೆ ಮಿಂಚೋ ವಿಚಾರಿಸಿದ.

“ಸದ್ದಾ? ನನ್ನ ಮೊಣಕಾಲಿರಬೇಕು,” ಎಂದರು ಅವರು. ನೆಲದ ಮೇಲೆ ಕೂತೇ ರಾತ್ರಿ ಕಳೆದಿದ್ದರಿಂದ ಅವರ ಕೆನ್ನೆಯ ಮೇಲೆ ಬುಟ್ಟಿಯ ಹೆಣಿಗೆ ಅಚ್ಚೊತ್ತಿತ್ತು.

ಆಮೇಲೆ ಕಟ್ಟಡದಲ್ಲಿ ಯಾರಿಗೂ ಏನೂ ಕೇಳಿಸಲಿಲ್ಲ. ಆರು ವಾರದಲ್ಲಿ ಚುಷ್ಕಾ ಒಂದು ಹನಿಯನ್ನೂ ಒಳಗೆ ಚೆಲ್ಲದಷ್ಟು ಜಾಣೆಯಾದಳು. ಹತ್ತಕ್ಕೆ ಮಲಗಿದರೆ ಆರಕ್ಕೆ ಏಳುತ್ತಿದ್ದಳು.

ಪಾಳಿ ಮಾತ್ರ ನಿಲ್ಲಲಿಲ್ಲ. ಅದನ್ನು ರದ್ದುಮಾಡಲು ಹನ್ನೆರಡೂ ಮನೆಯವರು ಸಂಜೆಯ ಸಭೆಗೆ ಬರಬೇಕಿತ್ತು. ಹಿಂದಿನ ರಾತ್ರಿ ಪಾಳಿ ಮಾಡಿ ದಣಿದವರು ಏಳಕ್ಕೇ ಮಲಗಿಬಿಡುತ್ತಿದ್ದರು. ಪಾಳಿಪುಸ್ತಕದಲ್ಲಿ ‘ಒಂದು ಗಂಟೆ: ಫಲಿತಾಂಶ’ ಎಂಬ ಅಂಕಣವನ್ನು ಖಾಲಿ ಬಿಡುವಂತಿರಲಿಲ್ಲ. ಹಾಗಾಗಿ ಗಾಢನಿದ್ದೆಯಲ್ಲಿದ್ದ ಚುಷ್ಕಾಳನ್ನು ಎತ್ತಿ ತಂದು ಮರದ ಕೆಳಗೆ ನಿಲ್ಲಿಸಲಾಗುತ್ತಿತ್ತು. ಅವಳು ನಿಂತಲ್ಲೇ ನಿದ್ದೆಹೋಗುತ್ತಿದ್ದಳು. ‘ಇಲ್ಲ’ ಎಂದು ಬರೆದರೆ ಕಾರಣ ಕೇಳುತ್ತಾರೆ. ನಿವೃತ್ತ ರೈಲುಚಾಲಕ ಪೆಟ್ಕೋ ಸುಳ್ಳು ಬರೆಯುವ ಮನುಷ್ಯನಲ್ಲ. ‘ಆಯಿತು (ನನ್ನದು)’ ಎಂದು ಬರೆದು ಸಹಿ ಹಾಕಿದ. ಅದನ್ನು ಸ್ವೀಕರಿಸಲಾಯಿತು.

ಬೇಸಿಗೆ ಬರುವ ಹೊತ್ತಿಗೆ ಮರಿಯ ಕಣ್ಣ ಕೆಳಗೆ ಕಪ್ಪಾಗಿತ್ತು. ದೆಲ್ಕಾ ಸೂಪಿನ ಸೌಟು ಕೆಳಗಿಟ್ಟು ಹೇಳಿದಳು: “ಕೂಸು ಬಡವಾಗ್ತಿದೆ. ಪಾಳಿ ತಂದಿಟ್ಟೋನು ನೀನು, ತೆಗಿಯೋನೂ ನೀನೇ. ಭಾನುವಾರದೊಳಗೆ ಆಗ್ಲಿಲ್ಲಾಂದ್ರೆ ನಾನೂ ಚುಷ್ಕಾನೂ ನನ್ನಕ್ಕನ ಮನೇಲಿರ್ತೀವಿ. ಅವಳ ಬಾಲ್ಕನಿಗೆ ಗಾಜಿದೆ.”

ಮಿಂಚೋ ಶನಿವಾರ ಗಿಂಕಾ ಅವರ ಬಾಗಿಲು ತಟ್ಟಿ ಒಂದು ದೂರು ಕೊಟ್ಟ. ದೂರುದಾರರು: ಇಪ್ಪತ್ಮೂರನೇ ನಿವಾಸಿ. ವಿಷಯ: ಮೌನದ ಅವಧಿಯಲ್ಲಿ ದಿನಕ್ಕೆರಡು ಬಾರಿ ನಿದ್ರಾಭಂಗ. ಸಹಿ: ಬಲಮುಂಗಾಲು, ಶಾಯಿಯಲ್ಲಿ.

ಗಿಂಕಾ ಕನ್ನಡಕ ಹಾಕಿಕೊಂಡು ಆ ಹೆಜ್ಜೆಗುರುತನ್ನು ಮೆಟ್ಟಿಲ ಮೇಲಿನ ಕೆಸರಿನ ಗುರುತುಗಳ ಜೊತೆ ಹೋಲಿಸಿ ನೋಡಿದರು.

“ಸಹಿ ಸರಿಯಾಗಿದೆ,” ಎಂದರು. “ಇಷ್ಟು ದಿನ ಯಾಕೆ ಸುಮ್ನಿದ್ಲಂತೆ?”

“ಅವಳ ಸ್ವಭಾವ ಸ್ವಲ್ಪ ಸಂಕೋಚದ್ದು ಗಿಂಕಕ್ಕ.”

“ಪಾಪ. ಆದ್ರೆ ಮಹಾಸಭೆ ಮಾಡಿದ ಪಾಳೀನ ನಾನು ಹ್ಯಾಗೆ ತೆಗೀಲಿ?”

“ಪಾಳಿ ಇರ್ಲಿ ಬಿಡಿ. ಇವಳನ್ನ ಮಾತ್ರ ಎಬ್ಬಿಸ್ಬೇಡಿ.”

ಅದೇ ತೀರ್ಪಾಯಿತು. ಭಾನುವಾರದಿಂದ ಚುಷ್ಕಾ ದೆಲ್ಕಾಳ ಕಾಲಡಿ ಬೆಳಗಿನ ತನಕ ಮಲಗುತ್ತಾಳೆ. ಪಾಳಿಯವರು ಒಂದು ಗಂಟೆಗೂ ನಾಲ್ಕು ಗಂಟೆಗೂ ಚಪ್ಪಲಿ ಸದ್ದಾಗದಂತೆ ಇಳಿದು, ಮರದ ಕೆಳಗೆ ಐದು ನಿಮಿಷ ನಿಲ್ಲುತ್ತಾರೆ. ಹೊಗಳಿಕೆ ಕಡ್ಡಾಯವಾದ್ದರಿಂದ, ಸಾಕ್ಷಿಗೆ ಬಂದ ಗಿಂಕಾ ಅವರೇ ಪಾಳಿಯವರ ಬೆನ್ನು ತಟ್ಟಿ “ಭೇಷ್ ಪೆಟ್ಕೋ, ಜಾಣ” ಎಂದೋ, “ಒಳ್ಳೆ ಮಿಂಚೋ” ಎಂದೋ ಪಿಸುಗುಟ್ಟುತ್ತಾರೆ. ನಲವತ್ತು ವರ್ಷದಲ್ಲಿ ಯಾರಿಂದಲೂ ಇಂಥ ಮಾತು ಕೇಳದಿದ್ದ ಪೆಟ್ಕೋ ಈಗ ಬೇರೆಯವರ ಪಾಳಿಯನ್ನೂ ಕೇಳಿ ಪಡೆಯುತ್ತಾನೆ.

ಕಳೆದ ವಾರ ಐದನೇ ಮಹಡಿಗೆ ಹೊಸದಾಗಿ ಬಂದ ದಂತವೈದ್ಯೆ, ಪೆಟ್ಟಿಗೆಗಳನ್ನು ಇಳಿಸಿ ಫಲಕದ ಮುಂದೆ ನಿಂತು ಪಾಳಿಯ ನಿಯಮಗಳನ್ನೆಲ್ಲ ಎರಡು ಬಾರಿ ಓದಿದಳು.

“ಮಳೆ ಬಂದ್ರೆ?” ಎಂದು ಕೇಳಿದಳು.

“ಕೊಡೆ ತರಬಹುದು,” ಎಂದರು ಗಿಂಕಾ.

ದಂತವೈದ್ಯೆ ಪಾಳಿಪಟ್ಟಿಯಲ್ಲಿ ಗುರುವಾರದ ಎದುರು ತನ್ನ ಹೆಸರು ಬರೆದಳು.