ತೂಕವಿಲ್ಲದ ಡಬ್ಬಿ

ಕಸದ ಡಬ್ಬಿಗೆ ಪಾಲಿಕೆಯವರು ಅದೇನೋ ಚಿಪ್ ಅಂಟಿಸಿ ಹೋದರು ನೋಡಿ, ಅಂದಿನಿಂದ ಗೊಲ್ಲಾಳಪ್ಪನ ನೆಮ್ಮದಿ ಹಾಳಾಯಿತು. ಸೊಲ್ಲಾಪುರ ರಸ್ತೆಯ ಪಕ್ಕದ ಆ ಓಣಿಯಲ್ಲಿ ಮನೆಗೊಂದು ಹಸಿರು ಡಬ್ಬಿ. ಕಸದ ಗಾಡಿಯ ಮೇಲೆ ಎತ್ತಿಟ್ಟರೆ ಸಾಕು, ಕುಂಯ್ ಎಂದು ಕೂಗಿ, ಯಾರ ಮನೆಯ ಕಸ ಎಷ್ಟು ತೂಕ ಅಂತ ತಾನೇ ಕಚೇರಿಗೆ ಚಾಡಿ ಹೇಳುತ್ತದೆ. ತಿಂಗಳಲ್ಲಿ ಎಲ್ಲರಿಗಿಂತ ಕಡಿಮೆ ಕಸ ಹಾಕಿದ ಮನೆಯ ಯಜಮಾನನಿಗೆ ಓಣಿಯಲ್ಲೇ ಹಲಗೆ ಬಾರಿಸಿ ಶಾಲು ಹೊದಿಸುತ್ತಾರಂತೆ!

ಶಾಲು! ಜೀವಮಾನವಿಡೀ ಗುಮಾಸ್ತಿಕೆ ಮಾಡಿ ನಿವೃತ್ತನಾದ ಗೊಲ್ಲಾಳಪ್ಪನಿಗೆ ಒಂದೇ ಒಂದು ಶಾಲೂ ದಕ್ಕಿರಲಿಲ್ಲ. ಬೀಳ್ಕೊಡುಗೆಯ ದಿನವೇ ಸಾಹೇಬರು ರಜೆ ಹಾಕಿದ್ದರು. ಆ ಸಂಕಟ ಇನ್ನೂ ಎದೆಯಲ್ಲಿ ಕುಟುಕುತ್ತಿತ್ತು. ಹೀಗಾಗಿ ದಿನಾ ಬೆಳಿಗ್ಗೆ ಮನೆಯ ಸಿಪ್ಪೆ, ಮುಸುರೆಯನ್ನೆಲ್ಲ ಚೀಲಕ್ಕೆ ತುಂಬಿ, ಸ್ಕೂಟರಿಗೆ ನೇತುಹಾಕಿ, ತಿಕೋಟಾದ ತಂಗಿಯ ಹೊಲದ ತಿಪ್ಪೆಗೆ ಗುಟ್ಟಾಗಿ ಸುರಿದು ಬರುತ್ತಿದ್ದ. ಡಬ್ಬಿ ಮಾತ್ರ ಬೆಳಗಿಟ್ಟ ತಂಬಿಗೆಯಂತೆ ಫಳಫಳ.

“ಪೆಟ್ರೋಲ್ ಸುಟ್ಟು ಸಿಪ್ಪಿ ಸಾಗಸ್ತೀರಲ್ರೀ, ನಿಮಗ ತಲಿಗಿಲಿ ಕೆಟ್ಟೈತೇನು?” ಎಂದಳು ಹೆಂಡತಿ ಹುಲಿಗೆವ್ವ.

“ಇವತ್ತೊಂದ ದಿನ ತಡಿ ಮಾರಾಯ್ತಿ! ಇವತ್ತ ಕಡೀ ದಿನ! ಸಂಜಿಗೆ ಶಾಲು!”

ಹಿಂದಿನ ದಿನ ಬೀಗರು ಬಂದು ಹೊಟ್ಟೆ ಬಿರಿಯೆ ಕಲ್ಲಂಗಡಿ ತಿಂದುಹೋಗಿದ್ದರು. ಬಟ್ಟೆ ಅಂಗಡಿಯ ಹಳದಿ ಚೀಲ ಸಿಪ್ಪೆ ತುಂಬಿ ಬಸವನಂತೆ ಉಬ್ಬಿತ್ತು. ಸ್ಕೂಟರಿಗೆ ಕಿಕ್ ಹೊಡೆದನೋ ಇಲ್ಲವೋ, ಪಕ್ಕದ ಮನೆಯ ರಹಿಮಾಬಿ ಓಡೋಡಿ ಬಂದಳು. ಊರಿಗೆ ಹೊರಟವನ ಕೈಗೆ ಏನಾದರೂ ಕೊಡದೆ ಬಿಡುವ ಪೈಕಿಯದಲ್ಲ ಆ ಓಣಿ.

“ತಿಕೋಟಾಕ್ಕ ಹೊಂಟೀರೇನ್ರಿ ಅಣ್ಣಾರ? ಅಲ್ಲಿ ನಮ್ಮ ಮಗಳು ಸುಮಯ್ಯಾ ಬಸುರಿ ಅದಾಳ, ಶೇಂಗಾ ಹೋಳಿಗಿ ಬೇಡ್ಯಾಳ. ಇದಿಷ್ಟು ಮುಟ್ಟಸ್ರಿ.”

ಅದೂ ಅದೇ ಅಂಗಡಿಯ ಹಳದಿ ಚೀಲ! ಅಷ್ಟರಲ್ಲಿ ಎದುರುಮನೆಯ ಧರ್ಮರಾಜ ಹಾಜರು. ಶಾಲಿನ ಮೇಲೆ ಅವನಿಗೂ ಕಣ್ಣು.

“ಏನೋ ಗೊಲ್ಲಾಳಪ್ಪ, ದಿನಾ ಚೀಲ ಹೊತ್ಕೊಂಡ ಹೊಕ್ಕೀಯಲ್ಲ? ಏನೈತಿ ತೋರಸು!” ಎಂದವನೇ ಕೈ ಹಾಕಿದ.

ಗೊಲ್ಲಾಳಪ್ಪ ಬೆದರಿದ ಹೋರಿಯಂತೆ ಸ್ಕೂಟರ್ ನುಗ್ಗಿಸಿದ. ಧರ್ಮರಾಜ ಬೆನ್ನು ಹತ್ತಿದನೇನೋ ಅಂತ ದಾರಿಯುದ್ದಕ್ಕೂ ತಿರುತಿರುಗಿ ನೋಡುತ್ತ, ತಿಕೋಟಾದಲ್ಲಿ ಗಡಿಬಿಡಿಯಿಂದ ಒಳಗೇನಿದೆ ಅಂತಲೂ ನೋಡದೆ ಒಂದು ಚೀಲ ತಿಪ್ಪೆಗೆ ಸುರಿದು, ಇನ್ನೊಂದನ್ನು ಸುಮಯ್ಯಾಳ ಮನೆ ಬಾಗಿಲಲ್ಲಿ ಕೊಟ್ಟು ಓಟ ಕಿತ್ತ.

ವಾಪಸು ಬರುವಾಗ ತೊರವಿಯ ಹತ್ತಿರ ಫೋನು ಬಡಿದುಕೊಂಡಿತು.

“ಕಾಕಾ, ಬಸುರಿಗೆ ತಿನ್ನಾಕ ನಮ್ಮ ಅಮ್ಮಿ ಕಲ್ಲಂಗಡಿ ಸಿಪ್ಪಿ ಕಳಿಸ್ಯಾಳೇನ್ರಿ?” ಸುಮಯ್ಯಾಳ ದನಿ ಅಳುವಂತಿತ್ತು.

ಗೊಲ್ಲಾಳಪ್ಪನ ಜೀವ ಬಾಯಿಗೆ ಬಂತು. ತಿರುಗಿ ಹೋಗಿ ನೋಡಿದರೆ ತಂಗಿಯ ಎಮ್ಮೆ ತಿಪ್ಪೆಯ ಮೇಲೆ ನಿಂತು ಕೊನೆಯ ಹೋಳಿಗೆಯನ್ನು ಕಣ್ಣುಮುಚ್ಚಿ ಮೆಲ್ಲುತ್ತಿತ್ತು. ಸುಮಯ್ಯಾಳ ಮನೆಗೆ ಹೋಗಿ, “ತಪ್ಪಾತವಾ, ನಾಳೆ ಬ್ಯಾರೇ ಹೋಳಿಗಿ ತರ್ತೇನಿ, ನಿಮ್ಮ ಅಮ್ಮಿಗೆ ಮಾತ್ರ ಹೇಳಬ್ಯಾಡ” ಎಂದು ಕೈಮುಗಿದ.

ಸಂಜೆ ಓಣಿಗೆ ಬಂದರೆ ಹಲಗೆಯ ಸದ್ದು, ಜನವೋ ಜನ! ಮುಂದೆ ರಹಿಮಾಬಿ ನಿಂತಿದ್ದಾಳೆ!

“ಹೋಳಿಗಿ ಹೆಂಗಾಗಿದ್ದುವಂತರಿ ಅಣ್ಣಾರ?”

“ಒಂದೂ ಉಳಿಲಿಲ್ಲ ಅಕ್ಕಾ! ನಕ್ಕೊಂತ ತಿಂದುಬಿಡ್ತು... ತಿಂದುಬಿಟ್ಟಳು!”

ಅಷ್ಟರಲ್ಲಿ ಆರೋಗ್ಯ ಇನ್‌ಸ್ಪೆಕ್ಟರ್ ನಿರ್ಮಲಾ ಮೈಕ್ ಹಿಡಿದಳು. “ಗೊಲ್ಲಾಳಪ್ಪನವರ ಡಬ್ಬಿ ಇಡೀ ತಿಂಗಳು ಖಾಲಿ!” ಹೆಗಲ ಮೇಲೆ ಶಾಲು ಬಿತ್ತು! ಗೊಲ್ಲಾಳಪ್ಪನ ಕಣ್ಣು ತುಂಬಿದವು, ಧರ್ಮರಾಜನ ಮೋರೆ ಸಣ್ಣದಾಯಿತು.

“ಹೆಂಗ ಸಾಧಿಸಿದ್ರಿ? ಎಲ್ಲಾರಿಗೂ ಹೇಳ್ರಿ” ಎಂದಳು ನಿರ್ಮಲಾ.

ತಿಕೋಟಾದ ತಿಪ್ಪೆಯ ಹೆಸರೆತ್ತುವುದುಂಟೆ? “ಎಲ್ಲಾ ಕಸ ಹಿತ್ತಲದಾಗ ಗೊಬ್ಬರ ಮಾಡ್ತೇನ್ರಿ ಮೇಡಂ!” ಎಂದುಬಿಟ್ಟ.

ಚಪ್ಪಾಳೆಯೋ ಚಪ್ಪಾಳೆ! ನಿರ್ಮಲಾ ಹಿಗ್ಗಿನಿಂದ ಕುಣಿಯುವುದೊಂದೇ ಬಾಕಿ. “ಇಂಥವರನ್ನ ಹುಡುಕಾಕತ್ತಿದ್ವಿ! ಇನ್ನ ಈ ಓಣಿ ಹಸಿ ಕಸ ಊರ ಹೊರಗ ಹೋಗೂದ ಬ್ಯಾಡ. ಎಲ್ಲಾ ಗೊಲ್ಲಾಳಪ್ಪನವರ ಹಿತ್ತಲಕ್ಕ ಬರ್ಲಿ. ಈಗಿಂದನ ಸುರು ಮಾಡ್ರಿ!”

ಡಬ್ಬಿ ಎತ್ತಿಕೊಂಡು ಮೊದಲು ಓಡಿಬಂದವನು ಧರ್ಮರಾಜ. ಅವನ ಹಿಂದೆ ಇಡೀ ಓಣಿಯೇ ಸಾಲುಗಟ್ಟಿತು. ಬಾಗಿಲಲ್ಲಿ ಹುಲಿಗೆವ್ವ ಸೆರಗು ಸಿಕ್ಕಿಸಿ ನಿಂತು ಗಂಡನನ್ನೇ ದಿಟ್ಟಿಸುತ್ತಿದ್ದಳು.

ಗೊಲ್ಲಾಳಪ್ಪ ನಿರ್ಮಲಾಳ ಹತ್ತಿರ ಸರಿದ. “ಮೇಡಂ, ಈ ಶಾಲು ವಾಪಸ್ ಕೊಟ್ರ ನಡೀತೈತೇನ್ರಿ?”

ಹಲಗೆಯ ಅಬ್ಬರದಲ್ಲಿ ಅದು ಯಾರಿಗೂ ಕೇಳಿಸಲಿಲ್ಲ.