ಕಾಲುಂಗುರಕ್ಕೆ ಹಿಡಿದ ಗಾಳಿ ಪೆನ್ಸಿಲ್ಲು

ಸಾಮಾನು ಆರಿಸುವುದರಲ್ಲಿ ನನ್ನನ್ನು ಮೀರಿಸುವವರು ಬಳ್ಳಾರಿಯಲ್ಲಿ ಇಲ್ಲವೆಂದು ನಾನು ಬಹಳ ವರ್ಷ ನಂಬಿದ್ದೆ. ಇದಕ್ಕೆ ಸಾಕ್ಷಿ ಏನೆಂದು ಯಾರೂ ಕೇಳಬಾರದು. ಸಾಕ್ಷಿ ಇದ್ದಿದ್ದರೆ ನಂಬುವ ಕಷ್ಟ ಯಾಕೆ ಬೇಕಿತ್ತು?

ನಮ್ಮದು ಜೀನ್ಸ್ ಪ್ಯಾಂಟಿನ ಕಸುಬು. ಹೊಲಿಯುವುದಲ್ಲ. ಬೇರೆಯವರು ಹೊಲಿದು ಕಳಿಸಿದ ಹೊಚ್ಚಹೊಸ ಪ್ಯಾಂಟನ್ನು ಹಳೆಯದಾಗಿ ಮಾಡಿಕೊಡುವುದು. ಜೇಬಿನ ಅಂಚು, ಮೊಣಕಾಲು, ಕೆಳಗಿನ ಮಡಿಕೆ ಇವನ್ನೆಲ್ಲ ಪುಟ್ಟ ಗ್ರೈಂಡರಿನಿಂದ ಉಜ್ಜಿ, ಎಳೆ ಬಿಡಿಸಿ, ಯಾರೋ ಹತ್ತು ವರ್ಷ ತೊಟ್ಟು ಬಿಟ್ಟಂತೆ ಕಾಣಿಸಬೇಕು. ಉಜ್ಜುವವಳು ನನ್ನ ಹೆಂಡತಿ ಗಿರಿಜಾ. ಅವಳ ಕೈ ಎಳ್ಳಷ್ಟೂ ಅಲುಗುವುದಿಲ್ಲ. ನನ್ನದು ಮೇಲ್ವಿಚಾರಣೆ. ಅಂದರೆ ಚಹಾ ಕುಡಿಯುತ್ತ ಪಕ್ಕದಲ್ಲಿ ನಿಂತು "ಇನ್ನೊಂದು ಚೂರು" ಎನ್ನುವುದು.

ಕರೆಂಟಿನ ಗ್ರೈಂಡರು ಅರ್ಧ ತಾಸಿಗೇ ಕಾದು ಅಂಗೈ ಸುಡುತ್ತದೆ ಎಂದು ಗಿರಿಜಾ ಒಂದು ದಿನ ಹೇಳಿದಳು. ನಾನು ಕೂಡಲೇ ಆಡಳಿತಾತ್ಮಕ ನಿರ್ಧಾರ ಕೈಗೊಂಡೆ. ಪ್ಯಾಂಟಿಗೆ ಗುಂಡಿ ಕೂರಿಸುವ ಮಶೀನಿಗೆಂದು ಗಾಳಿ ತುಂಬುವ ಕಂಪ್ರೆಸರ್ ಹೇಗೂ ಮೂಲೆಯಲ್ಲಿದೆ. ಅದಕ್ಕೆ ಪೈಪು ಸಿಕ್ಕಿಸಿ ಗಾಳಿಯಿಂದಲೇ ತಿರುಗುವ, ಪೆನ್ನಿನಂತೆ ಹಿಡಿಯುವ ಪೆನ್ಸಿಲ್ ಗ್ರೈಂಡರ್ ತಂದರೆ ಕೈ ತಣ್ಣಗಿರುತ್ತದೆ. ಆರಿಸಲು ನಾನೇ ಹೋದೆ.

ಅಂಗಡಿಯ ಹಿರಿಯರು ಬಟ್ಟೆ ಹಾಸಿ ಅದರ ಮೇಲೆ ಎರಡು ಗ್ರೈಂಡರ್ ಇಟ್ಟರು. ಒಂದು ಸ್ವಲ್ಪ ದಪ್ಪ. ಹೊಟ್ಟೆಯ ಕೆಳಗೆ ಒತ್ತುವ ಪಟ್ಟಿ. ಇನ್ನೊಂದು ತೆಳ್ಳಗೆ, ನೀಳವಾಗಿ, ಥಳಥಳ ಹೊಳೆಯುತ್ತಿತ್ತು. ಪಟ್ಟಿ ಗಿಟ್ಟಿ ಏನೂ ಇಲ್ಲ. ಕುತ್ತಿಗೆಯ ಬಳಿ ಒಂದು ಬಳೆ. ಆ ಕಡೆ ತಿರುವಿದರೆ ಶುರು, ಈ ಕಡೆ ತಿರುವಿದರೆ ಬಂದ್. ನಿಮಿಷಕ್ಕೆ ಅರವತ್ತು ಸಾವಿರ ಸುತ್ತು ಅಂತೆ. ಅರವತ್ತು ಸಾವಿರ! ನಾನು ದಪ್ಪದ್ದರ ಕಡೆ ಮತ್ತೆ ನೋಡಲೇ ಇಲ್ಲ.

ಹಿರಿಯರು ಮೂಗಿನ ತುದಿಯ ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಪಟ್ಟಿದು ಕೈ ಬಿಟ್ರ ನಿಂದರ್ತೈತಿ ನೋಡ್ರಿ. ಈ ಬಳಿದು ಕೈ ಬಿಟ್ರೂ ತಿರಗತಾನ ಇರ್ತೈತಿ. ಇದನ್ನ ತಗೊಳ್ಳೋರು ಕೈ ಬಿಡದಂಥೋರು ಇರಬೇಕು."

ನಾನು ಹಿಡಿದದ್ದನ್ನು ಬಿಡುವ ಪೈಕಿ ಅಲ್ಲ ಎಂದು ತಿಳಿಸಿದೆ. ಗಾಳಿಯ ಒತ್ತಡ ಕಡಿಮೆ ಇಡಿ, ದಿನಾ ಎರಡು ಹನಿ ಎಣ್ಣೆ ಬಿಡಿ, ಕಣ್ಣಿಗೆ ಕನ್ನಡಕ ಹಾಕಿ ಎಂದು ಅವರು ಹೇಳುತ್ತಲೇ ಇದ್ದರು. ನಾನು ಡಬ್ಬಿಯ ಒಳಗಿನ ತುದಿಗಳನ್ನು ನೋಡುತ್ತಿದ್ದೆ. ಬಟ್ಟೆ ಉಜ್ಜುವ ಕಲ್ಲಿನ ತುದಿಯ ಜೊತೆಗೆ ಲೋಹ ಕತ್ತರಿಸುವ ಪುಟ್ಟ ಬಿಲ್ಲೆಯೂ ಇತ್ತು. ನಮಗೆ ಅದರ ಅಗತ್ಯವೇ ಇರಲಿಲ್ಲ. ಚಂದ ಕಂಡಿತು, ತಗೊಂಡೆ.

ಮನೆಗೆ ಬಂದು ಬಳೆಯನ್ನು ಪೂರ್ತಿ ತಿರುವಿ ಒಂದು ಪ್ಯಾಂಟಿನ ಮೊಣಕಾಲಿಗೆ ಮುಟ್ಟಿಸಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ತಲೆ ತೂರಿಸುವಷ್ಟು ಕಿಂಡಿಯಾಯಿತು. ಗಿರಿಜಾ ಗ್ರೈಂಡರನ್ನು ನನ್ನ ಕೈಯಿಂದ ತೆಗೆದುಕೊಂಡು, ಬಳೆಯನ್ನು ಒಂದಿಷ್ಟೇ ತಿರುವಿ, ಇನ್ನೊಂದು ಪ್ಯಾಂಟನ್ನು ನಯವಾಗಿ ಉಜ್ಜಿ ಮುಗಿಸಿದಳು. ಛಲೋ ಐತಿ ಎಂದಳು. ಗ್ರೈಂಡರಿಗೆ ಹೇಳಿದ್ದು.

ನನಗೆ ಚುರುಕ್ ಎಂದಿತು. ಕೂಡಲೇ ಪೈಪು ಗಿಡ್ಡ ಇದೆ, ಕಂಪ್ರೆಸರನ್ನೇ ಈಚೆ ಸರಿಸಬೇಕು ಎಂದು ಆಜ್ಞೆ ಹೊರಡಿಸಿದೆ. ಒಬ್ಬರೇ ಎಳೆಯಬೇಡಿ, ನಾನೂ ಹಿಡಿಯುತ್ತೇನೆ ಎಂದು ಅವಳು ಎದ್ದು ಬಂದಳು. ಅಷ್ಟರಲ್ಲಿ ನಾನು ಒಬ್ಬನೇ ಎಳೆದೆ. ಕಂಪ್ರೆಸರಿನ ಚಕ್ರ ಗಿರಿಜಾಳ ಎಡಪಾದ ಹತ್ತಿ ಇಳಿಯಿತು.

ಅವಳು ಕಿರುಚಲಿಲ್ಲ. ಪಾದ ಹಿಡಿದು ನೆಲಕ್ಕೆ ಕೂತಳು. ನನಗೆ ಹೆದರಿಕೆ ಶುರುವಾದದ್ದು ಆಗ.

ಒಂದೇ ತಾಸಿನಲ್ಲಿ ಹೆಬ್ಬೆರಳಿನ ಪಕ್ಕದ ಬೆರಳು ಊದಿ ಬದನೆಕಾಯಿಯ ಬಣ್ಣಕ್ಕೆ ತಿರುಗಿತು. ಅದರ ನಡುವೆ ಅವಳ ಕಾಲುಂಗುರ ಹೂತುಹೋಗಿತ್ತು. ಸಿರುಗುಪ್ಪದ ತವರಿನವರು ಮಾಡಿಸಿಕೊಟ್ಟ, ಎಲ್ಲೂ ಸೀಳಿಲ್ಲದೆ ಪೂರ್ತಿ ಬೆಸೆದ, ಗಟ್ಟಿ ಬೆಳ್ಳಿಯ ಉಂಗುರ. ಮದುವೆಯಲ್ಲಿ ತೊಡಿಸಿದವನು ನಾನೇ. ಸೋಪು ಹಚ್ಚಿದೆವು, ಕೊಬ್ಬರಿ ಎಣ್ಣೆ ಹಚ್ಚಿದೆವು, ಮಂಜುಗಡ್ಡೆ ಇಟ್ಟೆವು. ಉಂಗುರ ಜಪ್ಪಯ್ಯ ಎನ್ನಲಿಲ್ಲ.

ಆಟೋ ಹತ್ತಿ ಕಂಟೋನ್ಮೆಂಟಿನ ಡಾಕ್ಟರ ಹತ್ತಿರ ಹೋದೆವು. ಎಲುಬು ಮುರಿದಿಲ್ಲ, ಆದರೆ ಉಂಗುರದ ಆಚೆ ರಕ್ತ ಹೋಗುತ್ತಿಲ್ಲ, ಇವತ್ತೇ ತೆಗೆಯದಿದ್ದರೆ ಬೆರಳಿಗೇ ಅಪಾಯ ಎಂದರು. ಬೆರಳಿಗೇ ಅಪಾಯ! ಕಾಂಪೌಂಡರು ಉಂಗುರ ಕತ್ತರಿಸುವ ಪುಟ್ಟ ಕತ್ತರಿ ಹಿಡಿದು ಬಂದರು. ಗಿರಿಜಾ ಪಾದವನ್ನು ಸೀರೆಯೊಳಗೆ ಎಳೆದುಕೊಂಡಳು.

ಅವಳ ತವರಿನಲ್ಲಿ ಒಂದು ಪದ್ಧತಿ. ಕಾಲುಂಗುರ ತೊಡಿಸಿದ ಕೈಯೇ ಅದನ್ನು ತೆಗೆಯಬೇಕು. ಬೇರೆ ಗಂಡಸು ಮುಟ್ಟುವಂತಿಲ್ಲ. ತೆಗೆಯುವ ಮೊದಲು ಆ ಬೆರಳಿಗೆ ಅರಿಶಿನದ ಕೊಂಬನ್ನು ಹಳದಿ ದಾರದಲ್ಲಿ ಕಟ್ಟಬೇಕು. ಗಂಡ ಬದುಕಿರುವಾಗ ಆ ಬೆರಳು ಒಂದು ಕ್ಷಣವೂ ಬರಿದಾಗಿರಬಾರದು. ನನ್ನ ಆಯುಷ್ಯದ ಪ್ರಶ್ನೆಯಾದ್ದರಿಂದ ನಾನೂ ವಾದಿಸಲಿಲ್ಲ.

ಡಾಕ್ಟರು ಒಳ್ಳೆಯವರು. ಕತ್ತರಿ ನಿಮ್ಮ ಕೈಗೇ ಕೊಡಿಸುತ್ತೇನೆ, ಪಕ್ಕದಲ್ಲಿ ನಿಂತು ತೋರಿಸುತ್ತೇನೆ, ಇಲ್ಲೇ ತೆಗೆಯಿರಿ ಎಂದರು. ಇಲ್ಲಿಗೆ ಈ ಕಥೆ ಮುಗಿಯಬೇಕಿತ್ತು. ಆದರೆ ನಾನು ಆ ಕತ್ತರಿಯನ್ನು ನೋಡಿದೆ. ಕೈಯಿಂದ ತಿರುವುವ ಮೊಂಡು ಹಲ್ಲಿನ ಪುಟ್ಟ ಚಕ್ರ. ಅದೆಲ್ಲಿ, ಅರವತ್ತು ಸಾವಿರ ಸುತ್ತು ಎಲ್ಲಿ! ನಮ್ಮ ಮನೆಯಲ್ಲಿ ಗಾಳಿಯ ಮಶೀನು ಇದೆ, ಐದು ನಿಮಿಷದ ಕೆಲಸ ಎಂದುಬಿಟ್ಟೆ. ಹೊರಗೆ ಸಾಲಾಗಿ ರೋಗಿಗಳು ಕಾದಿದ್ದರು. ಐದು ಗಂಟೆಯೊಳಗೆ ಆಗದಿದ್ದರೆ ನೆಟ್ಟಗೆ ಇಲ್ಲಿಗೆ ಬನ್ನಿ ಎಂದು ಡಾಕ್ಟರು ಎರಡು ಸಲ ಹೇಳಿ ಕಳಿಸಿದರು.

ಮನೆಗೆ ಬಂದಾಗ ಎರಡೂವರೆ. ಸಿರುಗುಪ್ಪದಿಂದ ನಮ್ಮ ಅತ್ತೆಯ ಫೋನು. ವಿಷಯ ಕೇಳಿ ಅವರು ಮಗಳಿಗೆ ಧೈರ್ಯ ಹೇಳಿದರು. ಫೋನಿನ ದನಿ ಜೋರಾಗಿದ್ದರಿಂದ ನನಗೂ ಕೇಳಿಸಿತು. "ಅಳಿಯಂದ್ರು ಅದಾರಲ್ಲ, ನೀ ಯಾಕ ಹೆದರ್ತಿ?" ಅಳಿಯಂದ್ರಿಗೆ ಎದೆ ಡವಡವ ಹೊಡೆದುಕೊಳ್ಳತೊಡಗಿತು.

ಮೊದಲು ಅಭ್ಯಾಸ ಮಾಡಬೇಕು ಎಂದೆ. ಬೆರಳಿನ ಗಾತ್ರದ ವಸ್ತು ಹುಡುಕಿದಾಗ ಸಿಕ್ಕಿದ್ದು ಬೆಂಡೆಕಾಯಿ. ಅದಕ್ಕೆ ಪರದೆಯ ಹಿತ್ತಾಳೆ ಉಂಗುರ ತೊಡಿಸಿ, ಕಲ್ಲಿನ ತುದಿ ತೆಗೆದು ಕತ್ತರಿಸುವ ಬಿಲ್ಲೆ ಸಿಕ್ಕಿಸಿ, ಬಳೆ ತಿರುವಿದೆ. ಜುಂಯ್ ಎಂಬ ಸದ್ದಿಗೆ ಹಲ್ಲು ಜುಮ್ಮೆಂದಿತು. ಬೆಂಡೆಕಾಯಿ ಎರಡು ತುಂಡಾಯಿತು. ಉಂಗುರಕ್ಕೆ ಏನೂ ಆಗಿರಲಿಲ್ಲ. ಎರಡನೆಯ ಬೆಂಡೆಕಾಯಿಯೂ ಎರಡು ತುಂಡು. ಮೂರನೆಯದು ಮೂರು ತುಂಡಾಯಿತು, ಅದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ.

ಗಿರಿಜಾ ತುಂಡುಗಳನ್ನು ನೋಡಿದಳು. ತನ್ನ ಬೆರಳನ್ನು ನೋಡಿಕೊಂಡಳು. ಆಮೇಲೆ ನನ್ನ ಮುಖ ನೋಡಿ ಮೆಲ್ಲಗೆ ಹೇಳಿದಳು, "ಇದು ಬೆಂಡಿಕಾಯಿ ಅಲ್ರಿ."

ಗೊತ್ತು ಎಂದೆ. ನನ್ನ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಆಸ್ಪತ್ರೆಗೆ ವಾಪಸು ಹೋಗೋಣ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಡಾಕ್ಟರ ಮುಂದೆ ಐದು ನಿಮಿಷ ಎಂದದ್ದು ನೆನಪಾಗಿ ನುಂಗಿಕೊಂಡೆ. ಕರೆಂಟಾದರೂ ಹೋಗಲಿ ಎಂದು ಮನೆದೇವರನ್ನು ಬೇಡಿಕೊಂಡೆ. ದಿನಕ್ಕೆ ಮೂರು ಸಲ ಹೋಗುವ ಕರೆಂಟು ಅಂದು ಮಿಸುಕಾಡಲಿಲ್ಲ. ಕಂಪ್ರೆಸರಿನ ಹೊಟ್ಟೆ ತುಂಬಿ, ತಾನೇ ನಿಂತು, ನನ್ನ ದಾರಿ ಕಾಯುತ್ತಿತ್ತು.

ಅರಿಶಿನದ ಕೊಂಬು ಕಟ್ಟಿದೆ. ದಾರದ ತುದಿಗಳನ್ನು ಕತ್ತರಿಸಬೇಕೆಂಬುದು ಹೊಳೆಯಲಿಲ್ಲ. ಗಿರಿಜಾ ಮಂಚದ ಮೇಲೆ ಕೂತು ಪಾದವನ್ನು ಸ್ಟೂಲಿನ ಮೇಲಿಟ್ಟಳು. ನಾನು ಮಂಡಿಯೂರಿ, ಉಸಿರು ಬಿಗಿಹಿಡಿದು, ಬಳೆ ತಿರುವಿ, ಬಿಲ್ಲೆಯನ್ನು ಉಂಗುರದ ಹತ್ತಿರ ತಂದೆ. ಇನ್ನೂ ಮುಟ್ಟಿಸಿರಲಿಲ್ಲ. ದಾರದ ತುದಿಯೊಂದು ತಿರುಗುವ ಬಿಲ್ಲೆಗೆ ಸಿಕ್ಕಿತು.

ಮುಂದಿನದು ಒಂದೇ ಕ್ಷಣ. ದಾರ ಸರ್ರನೆ ಸುತ್ತಿಕೊಂಡಿತು, ಗ್ರೈಂಡರು ಬೆರಳಿನ ಕಡೆ ಜಗ್ಗಿತು, ದಾರ ಪಟ್ಟೆಂದು ಹರಿಯಿತು, ಅರಿಶಿನದ ಕೊಂಬು ನನ್ನ ಕಿವಿಯ ಪಕ್ಕದಿಂದ ಹಾರಿ ಗೋಡೆಗೆ ಬಡಿಯಿತು. ನಾನು ಕೈ ಬಿಟ್ಟೆ.

ಹಿಡಿದದ್ದನ್ನು ಬಿಡದ ಮನುಷ್ಯ ಬಿಟ್ಟೇಬಿಟ್ಟ. ಆದರೆ ಅದು ನಿಲ್ಲಬೇಕಲ್ಲ! ನೆಲಕ್ಕೆ ಬಿದ್ದ ಗ್ರೈಂಡರು ತಿರುಗುತ್ತ, ಜಿಗಿಯುತ್ತ, ಪೈಪಿನ ತುದಿಯಲ್ಲಿ ಹಾವಿನಂತೆ ಹೊರಳಾಡತೊಡಗಿತು. ಒಮ್ಮೆ ಬಾಗಿಲ ಕಡೆ, ಒಮ್ಮೆ ಮಂಚದ ಕಡೆ. ಪ್ಯಾಂಟಿನ ರಾಶಿಗೆ ನುಗ್ಗಿ, ಒಂದು ಕಾಲನ್ನು ಹರಿದು, ಹೊರಬಂದು ನನ್ನನ್ನೇ ಹುಡುಕಿಕೊಂಡು ಬಂತು. ಸ್ವಿಚ್ ಆರಿಸು, ಸ್ವಿಚ್ ಆರಿಸು ಎಂದು ನಾನು ಕೂಗುತ್ತಿದ್ದೆ. ಸ್ವಿಚ್ ಆರಿಸಿದರೆ ತುಂಬಿದ ಟ್ಯಾಂಕಿನ ಗಾಳಿ ಎಲ್ಲಿಗೆ ಹೋಗುತ್ತದೆ ಎಂಬ ಯೋಚನೆ ನನಗಿರಲಿಲ್ಲ. ಗಿರಿಜಾಗೆ ಇತ್ತು. ಅವಳು ಮಂಚದಿಂದ ಇಳಿದು, ಒಂಟಿಕಾಲಲ್ಲಿ ಕುಂಟುತ್ತ ಗೋಡೆ ಹಿಡಿದು ಹೋಗಿ, ಕಂಪ್ರೆಸರಿನ ಗಾಳಿಯ ನಲ್ಲಿ ಮುಚ್ಚಿದಳು. ಜುಂಯ್ ಎನ್ನುವುದು ಇಳಿದು ಇಳಿದು ನಿಂತಿತು.

ಆಗ ನೋಡಿಕೊಂಡೆ. ನಾನು ಮೇಜಿನ ಮೇಲೆ ನಿಂತಿದ್ದೆ. ಯಾವಾಗ ಹತ್ತಿದೆನೋ ಗೊತ್ತಿಲ್ಲ. ಕಾಲುಂಗುರ ತೊಡಿಸಿದ ಕೈ ಫ್ಯಾನಿನ ಕೊಳವೆಯನ್ನು ಅಪ್ಪಿಕೊಂಡಿತ್ತು.

ಅವಳ ಬೆರಳಿನ ಮೇಲೆ ದಾರ ಎಳೆದ ಕೆಂಪು ಗೆರೆಯೊಂದು ಬಿಟ್ಟರೆ ಬೇರೆ ಗಾಯವಿರಲಿಲ್ಲ. ಬೆರಳು ಮಾತ್ರ ಇನ್ನಷ್ಟು ಕಪ್ಪಗಾಗಿತ್ತು. ನಾಲ್ಕು ಗಂಟೆ ದಾಟಿತ್ತು. ಆಸ್ಪತ್ರೆಗೇ ಹೋಗೋಣ, ನನ್ನ ಮಾನ ಹೋದರೆ ಹೋಗಲಿ ಎಂದೆ. ಅವಳು ಬಿದ್ದ ಗ್ರೈಂಡರನ್ನು ಎತ್ತಿಕೊಂಡು, ಸುತ್ತಿದ ದಾರ ಬಿಡಿಸಿ, ಬಿಲ್ಲೆ ಮುಕ್ಕಾಗಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ, ಅದನ್ನು ತೆಗೆದು ಡಬ್ಬಿಯಲ್ಲಿದ್ದ ಇನ್ನೊಂದು ಸಿಕ್ಕಿಸಿದಳು.

"ಕೆಳಗ ಇಳೀರಿ," ಎಂದಳು. "ಕೈ ಕೊಡ್ರಿ ಇಲ್ಲಿ."

ಹೊಸ ಕೊಂಬು ಕಟ್ಟಿ ದಾರದ ತುದಿಗಳನ್ನು ಬುಡಕ್ಕೆ ಕತ್ತರಿಸಿದಳು. ಗಾಳಿಯ ಒತ್ತಡ ಇಳಿಸಿದಳು. ತೆಳ್ಳನೆಯ ತಗಡಿನ ಚೂರನ್ನು ಉಂಗುರದ ಅಡಿಗೆ, ಹಲ್ಲು ಕಚ್ಚಿ, ತೂರಿಸಿದಳು. ಸುತ್ತ ಒದ್ದೆ ಬಟ್ಟೆ ಇಟ್ಟಳು. ಆಮೇಲೆ ನನ್ನ ಬಲಗೈ ಹಿಡಿದು ತನ್ನ ಬಲಗೈ ಮೇಲೆ ಇಟ್ಟುಕೊಂಡಳು.

"ನಿಮ್ಮ ಕೈ ನನ್ನ ಕೈ ಮ್ಯಾಲಿರ್ಲಿ, ಪದ್ಧತಿಗೆ ಅಷ್ಟು ಸಾಕು. ಒತ್ತಬ್ಯಾಡ್ರಿ. ಬೇಕಾದ್ರ ಕಣ್ಣು ಮುಚ್ಚಿಕೊಳ್ರಿ."

ಅವಳು ಹೇಳಿ ಮುಗಿಸುವ ಮೊದಲೇ ಮುಚ್ಚಿಕೊಂಡಿದ್ದೆ. ಸದ್ದು ಶುರುವಾಯಿತು. ಈ ಸಲ ಸಣ್ಣಗೆ. ಆಗ ನನ್ನ ಅಂಗೈಗೆ ಒಂದು ವಿಷಯ ತಿಳಿಯಿತು. ಅವಳ ಕೈ ನಡುಗುತ್ತಿತ್ತು. ಇಷ್ಟು ವರ್ಷದಲ್ಲಿ ಅದು ನಡುಗಿದ್ದನ್ನು ನಾನು ಕಂಡಿರಲಿಲ್ಲ. ಅವಳಿಗೂ ನನ್ನಷ್ಟೇ ಹೆದರಿಕೆಯಾಗಿತ್ತು. ಬೆಳಗಿನಿಂದ ಅದನ್ನು ತೋರಿಸಲು ನಾನು ಅವಕಾಶವನ್ನೇ ಕೊಟ್ಟಿರಲಿಲ್ಲ. ಇದ್ದ ಹೆದರಿಕೆಯನ್ನೆಲ್ಲ ನಾನೊಬ್ಬನೇ ಬಳಸಿಕೊಂಡಿದ್ದೆ.

ಟಕ್ ಎಂದಿತು. ಸದ್ದು ನಿಂತಿತು. "ಎಳೀರಿ ಈಗ," ಎಂದು ನನ್ನ ಕೈಗೆ ಇಕ್ಕಳ ಕೊಟ್ಟಳು. ಉಂಗುರದ ಎರಡು ತುದಿ ಅಗಲಿಸಿ ನಾನೇ ತೆಗೆದೆ. ಪದ್ಧತಿಗೆ ಕುಂದು ಬರಲಿಲ್ಲ. ಬೆರಳಿಗೆ ಬಣ್ಣ ಮರಳುವುದನ್ನು ಇಬ್ಬರೂ ನೋಡುತ್ತ ಕೂತೆವು. ನನಗೆ ಅಳು ಬಂತು. ಬೆಳ್ಳಿಯ ಪುಡಿ ಕಣ್ಣಿಗೆ ಬಿತ್ತು ಎಂದೆ. ಕಣ್ಣು ಮುಚ್ಚಿದ್ದಿರಲ್ಲ ಎಂದಳು.

ಐದಕ್ಕೆ ಮೊದಲೇ ಡಾಕ್ಟರಿಗೆ ಬೆರಳು ತೋರಿಸಿ ಬಂದೆವು. ಸಂಜೆ ಅತ್ತೆ ಮತ್ತೆ ಫೋನು ಮಾಡಿದರು. ಗಿರಿಜಾ ನನ್ನ ಕಡೆ ನೋಡದೆ, "ಹ್ಞೂಂ ಯವ್ವಾ, ಅವ್ರ ಕೈಲೇ ತೆಗದಿದ್ದು," ಎಂದಳು. ಗಂಡನ ಮಾನ ಕಾಪಾಡಿದಳು ಎಂದು ನಾನು ಉಬ್ಬಿದೆ. ಉಬ್ಬಿದ್ದು ಒಂದೇ ರಾತ್ರಿ. ಬೆಳಗಾಗುವಷ್ಟರಲ್ಲಿ ಸಿರುಗುಪ್ಪದಿಂದ ರಾರಾವಿಯವರೆಗೆ ನಮ್ಮ ಬಂಧುಬಳಗಕ್ಕೆಲ್ಲ ನನ್ನ ಕೈಚಳಕದ ಸುದ್ದಿ ಮುಟ್ಟಿತ್ತು. ಕುರುಗೋಡಿನಲ್ಲಿರುವ ಅತ್ತೆಯ ತಂಗಿಗೆ ಕೈಬೆರಳಿನ ಉಂಗುರ ಎಷ್ಟೋ ವರ್ಷದಿಂದ ಸಿಕ್ಕಿಹಾಕಿಕೊಂಡಿತ್ತಂತೆ. ಅಕ್ಕಸಾಲಿಗರ ಮೇಲೂ ನಂಬಿಕೆಯಿಲ್ಲದೆ ಹಾಗೇ ಬಿಟ್ಟಿದ್ದರಂತೆ. ಗಿರಿಜಾಳ ಗಂಡನ ಕೈಗಾದರೆ ಬೆರಳು ಕೊಡುತ್ತೇನೆ ಎಂದು ಅವರು ಮುಂದಿನ ಭಾನುವಾರದ ಮೊದಲ ಬಸ್ಸಿಗೇ ಹೊರಟುಬಂದರು.

ಆ ಚಿಕ್ಕಮ್ಮ ಕೈ ಚಾಚಿ ನನ್ನ ಎದುರಿಗೆ ಕೂತರು. ನನಗೆ ಮೇಜಿನ ಕಡೆ ಕಣ್ಣು ಹೋಯಿತು. ಗಿರಿಜಾ ಮೊದಲೇ ಅದರ ಮೇಲೆ ಪ್ಯಾಂಟಿನ ರಾಶಿ ಒಟ್ಟಿದ್ದಳು. ಪುಡಿ ಹಾರುತ್ತದೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೋ ಎಂದು ಚಿಕ್ಕಮ್ಮನಿಗೆ ಹೇಳಿದಳು. ಅವರು ಮುಚ್ಚಿಕೊಂಡರು. ನಾನೂ ಮುಚ್ಚಿಕೊಂಡೆ. ಸದ್ದು ಬಂತು, ನಿಂತಿತು. ಕಣ್ಣು ತೆರೆದಾಗ ಗ್ರೈಂಡರು ನನ್ನ ಕೈಯಲ್ಲಿತ್ತು. ಗಿರಿಜಾ ತಾನೇ ಕೆಲಸ ಮುಗಿಸಿ, ನಲ್ಲಿ ಮುಚ್ಚಿ, ಪೈಪನ್ನೂ ಬಿಚ್ಚಿಯೇ ಕೊಟ್ಟಿದ್ದಳು.

ಚಿಕ್ಕಮ್ಮ ಬೆರಳು ಮಡಿಸಿ, ಬಿಡಿಸಿ, ಕಣ್ಣು ತುಂಬಿಕೊಂಡರು. "ಎಂಥಾ ಹಗೂರ ಕೈಯಪಾ," ಎಂದರು. "ಮುಟ್ಟಿದ್ದೂ ಗೊತ್ತಾಗ್ಲಿಲ್ಲ."

ಹೌದು, ಬಹಳ ಹಗುರ ಎಂದೆ. ಯಾರ ಕೈ ಎಂದು ಅವರು ಕೇಳಲಿಲ್ಲ.