ನೆಮ್ಮದಿ ಕಲಿಸಲು ಹೋದಲ್ಲೆಲ್ಲ

ನಂಜನಗೂಡು, ತಿ. ನರಸೀಪುರದ ಸುತ್ತಮುತ್ತ ನಾನು ಯೋಗ, ಉಸಿರಾಟ, ಮನಸ್ಸಿನ ಆರೋಗ್ಯ ಇವನ್ನೆಲ್ಲ ಹೇಳಿಕೊಡುತ್ತೇನೆ. ಜನ ನೆಮ್ಮದಿಯಾಗಿರಲಿ ಅಂತಲೇ ಹೋಗುವುದು. ಹೋದ ಕಡೆಯೆಲ್ಲ ಏನಾದರೊಂದು ಆಗಿಯೇ ತೀರುತ್ತದೆ. ವಾಪಸ್ ಬರುವಾಗ ನನ್ನ ಬಿ.ಪಿ.ಯನ್ನೇ ಒಮ್ಮೆ ನೋಡಿಸಿಕೊಳ್ಳೋಣ ಅನ್ನಿಸುತ್ತದೆ.

ಹಿತವಾದ ಜಾಗ

ನಂಜನಗೂಡಿನ ತರಗತಿಗೆ ಬಾಳೆಹಣ್ಣಿನ ಮಂಡಿಯ ಯಜಮಾನರೊಬ್ಬರು ಹೆಂಡತಿಯ ಜೊತೆ ಬರುತ್ತಿದ್ದರು. ಇಬ್ಬರಿಗೂ ಸರಿಯಾಗಿ ನಿದ್ದೆ ಇರಲಿಲ್ಲ. ಒಂದು ದಿನ ಎಲ್ಲರಿಗೂ ಕಣ್ಣು ಮುಚ್ಚಿಸಿ, "ನಿಮ್ಮ ಮನಸ್ಸಿಗೆ ತುಂಬ ಹಿತ ಕೊಟ್ಟ ಜಾಗಕ್ಕೆ ಹೋಗಿ, ಅಲ್ಲೇ ಇರಿ" ಅಂದೆ. ಸ್ವಲ್ಪ ಹೊತ್ತಿಗೆ ಯಜಮಾನರ ಮುಖ ಎಷ್ಟು ತಿಳಿಯಾಯಿತೆಂದರೆ, ನನಗೇ ನನ್ನ ಪಾಠದ ಮೇಲೆ ಗೌರವ ಬಂತು.

"ಎಲ್ಲಿಗೆ ಹೋಗಿದ್ರಿ?" ಅಂತ ಆಮೇಲೆ ಕೇಳಿದೆ.

"ಬಸ್ ಸ್ಟ್ಯಾಂಡಿಗೆ ಮೇಡಂ."

"ಅಂಥಾ ಗಲಾಟೆ ಜಾಗಕ್ಕಾ?"

"ಇವಳು ತವರಿಗೆ ಹೊರಟಿದ್ಲು. ಬಸ್ ಮರೆಯಾಗೋವರೆಗೂ ನಿಂತಿದ್ದೆ."

ನಾನು ಹೆದರಿಕೊಂಡೇ ಹೆಂಡತಿಯ ಕಡೆ ತಿರುಗಿದೆ. ಆಕೆಯ ಮುಖವೂ ಅಷ್ಟೇ ತಿಳಿಯಾಗಿತ್ತು.

"ನಾನೂ ಅದೇ ಬಸ್ಸಲ್ಲೇ ಇದ್ದೆ ಮೇಡಂ," ಅಂದರು. "ಕಿಟಕಿ ಪಕ್ಕ."

ಅರ್ಧ ಗಂಟೆ

ಹದಿನಾರು ಅನ್ನುವ ಊರಿನ ಹೆಂಗಸರಿಗೆ ಒಂದು ಸಲ ಹೇಳಿದೆ: "ದಿನಕ್ಕೆ ಅರ್ಧ ಗಂಟೆ ನಿಮಗೋಸ್ಕರ ಇಟ್ಟುಕೊಳ್ಳಿ. ಏನೂ ಮಾಡಬೇಡಿ, ಸುಮ್ಮನೆ ಕೂತಿರಿ." ಮುಂದಿನ ವಾರ ಹೋದಾಗ, ಹಸು ಸಾಕಿಕೊಂಡಿದ್ದ ಅಜ್ಜಿಯನ್ನು ವಿಚಾರಿಸಿದೆ.

"ಕೂತ್ಕಂಡೆ ಕನವ್ವ. ಜಗಲಿ ಮ್ಯಾಲೆ."

"ಹೇಗಿತ್ತು?"

"ಸೊಸೆ ಬಂದು ಅಣೆ ಮುಟ್ಟಿ ನೋಡುದ್ಲು. ಪಕ್ಕದ್ಮನೆಯವ್ಳು ದೃಷ್ಟಿ ತೆಗುದ್ಲು. ನಮ್ಮವ್ವ ಸುಮ್ಕೆ ಕೂತವ್ಳೆ ಅಂತ ಮಗ ಗಾಬ್ರಿಯಾಗಿ ಬೈಕಲ್ಲಿ ಕೂರುಸ್ಕಂಡು ಆಸ್ಪತ್ರೆಗೆ ಕರ್ಕಂಡೋದ. ಡಾಕುಟ್ರು ಮಲಗ್ಸಿ ಗ್ಲೂಕೋಸ್ ಆಕುದ್ರು."

ನಾನು ಕ್ಷಮೆ ಕೇಳಲು ಬಾಯಿ ತೆರೆದೆ.

"ಅಲ್ಲಿ ಸಿಕ್ತು ಕನವ್ವ ನೀನೇಳಿದ ಅರ್ಧ ಗಂಟೆ," ಅಂದರು ಅಜ್ಜಿ. "ಚೆಂದಾಗಿತ್ತು."

ನಗೆಕೂಟ

ನರಸೀಪುರದಲ್ಲಿ ನಮ್ಮದೊಂದು ನಗೆಕೂಟ. ಬೆಳಿಗ್ಗೆ ಸಂಗಮದ ದಂಡೆಯಲ್ಲಿ ಸಾಲಾಗಿ ನಿಂತು, ಕೈ ಮೇಲೆತ್ತಿ, ಕಾರಣವಿಲ್ಲದೆ ಜೋರಾಗಿ ನಗುವುದು. ಬರುವವರೆಲ್ಲ ರಿಟೈರಾದವರು. ಬಹಳ ಗಂಭೀರವಾಗಿ ನಗುತ್ತಾರೆ.

ಅವತ್ತು ಕೊನೆಯ ದೊಡ್ಡ ನಗು ಮುಗಿಸಿ ಚಾಪೆ ಸುತ್ತುತ್ತಿದ್ದೆವು. ಮರಗಳ ಆಚೆಯಿಂದ ಒದ್ದೆ ಸೀರೆಯ ಹೆಂಗಸೊಬ್ಬರು ಬಿರಬಿರನೆ ಬಂದರು. ಅವರ ಹಿಂದೆ ದೂರದಲ್ಲಿ ತಲೆ ಬೋಳಿಸಿಕೊಂಡ ಗಂಡಸರು, ಪುರೋಹಿತರು ಕಂಡರು. ಯಾರದೋ ಉತ್ತರಕ್ರಿಯೆಯ ಪಕ್ಕದಲ್ಲಿ ನಿಂತು ನಾವು ಇಷ್ಟು ಹೊತ್ತು ನಕ್ಕಿದ್ದೆವು. ನಾನು ಚಾಪೆ ಬಿಟ್ಟು ಎದುರು ಹೋದೆ.

"ತಪ್ಪಾಯ್ತು ತಾಯಿ, ನೀವಿದ್ದದ್ದು ಕಾಣ್ಲಿಲ್ಲ," ಅಂದೆ.

"ಅದಿರ್ಲಿ ಬುಡಿ," ಅಂದರು ಆಕೆ. "ನಮ್ಮಪ್ಪಂಗೆ ಪಿಂಡ ಇಟ್ಟಿದ್ದೋ. ಕಾಗೆ ಇಳಿಯೋಕೆ ಬರೋದು, ನೀವು ನಗೋದು, ಅದು ಹಾರೋಗೋದು. ಅಪ್ಪನ ಮನಸ್ಸಲ್ಲಿ ಏನೋ ಆಸೆ ಉಳ್ಕೊಂಡದೆ ಅಂದ್ರು ಪುರೋಹಿತ್ರು. ನಮ್ಮಣ್ಣ ನನ್ ಕಡೆ ನೋಡ್ಕೊಂಡು, ತಂಗೀನ ಗೌರಿ ಹಬ್ಬಕ್ಕೆ ಕರೀತೀನಿ ಕನಪ್ಪಾ ಅಂದ. ಕಾಗೆ ಬರ್ನಿಲ್ಲ. ಹಬ್ಬಕ್ಕೆ ರೇಷ್ಮೆ ಸೀರೆ ಕೊಡ್ತೀನಿ ಅಂದ. ಬರ್ನಿಲ್ಲ. ಕೊನೆಗೆ, ಕಾಲುವೆ ಪಕ್ಕದ ಗದ್ದೇಲಿ ಅವ್ಳ ಭಾಗ ಅವ್ಳಿಗೆ ಕೊಟ್ಬುಡ್ತೀನಿ ಅಂದ. ಆಗ ನೀವು ನಿಲ್ಸುದ್ರಿ. ಕಾಗೆ ಬಂತು."

ನಮ್ಮ ಕೂಟದಲ್ಲಿ ಯಾರೂ ನಗಲಿಲ್ಲ.

"ಒಳ್ಳೇದಾಯ್ತಲ್ಲ ತಾಯಿ," ಅಂದೆ ನಾನು.

ಆಕೆ ಕೈಮುಗಿದು ಹೊರಟವರು, ನಾಲ್ಕು ಹೆಜ್ಜೆ ಹೋಗಿ ತಿರುಗಿ ನಿಂತರು.

"ದಿನಾ ಬತ್ತೀರಾ ಇಲ್ಗೆ?"

"ಬರ್ತೀವಿ."

"ಮುಂದಿನ ಸೋಮ್ವಾರ ನಮ್ಮ ಮಾವನ ವರ್ಷದ ತಿಥಿ. ಇಲ್ಲೇ ಪಿಂಡ ಇಡೋದು," ಅಂದರು. "ನಮ್ಮೆಜಮಾನ್ರು ಯಾವ್ದಕ್ಕೂ ಬೇಗ ಒಪ್ಕೊಳೋರಲ್ಲ. ಅವತ್ತು ಒಸಿ ಜಾಸ್ತಿ ಹೊತ್ತು ನಗಿ."